ಅಂಚು ಸಿಗದ ತುಂಡು

ನಮ್ಮ ಮನೆಯಲ್ಲಿ ಸೋಪಿನ ಡಬ್ಬಿ ಎರಡು ದಿನ ಬಾಳಿದ್ದನ್ನು ನಾನು ಕಂಡಿಲ್ಲ. ಸೋಪು ಹೊರಗೆ ಬಂದ ಗಳಿಗೆಯಲ್ಲೇ ಡಬ್ಬಿ ನನ್ನ ಗಂಡನ ಕೈ ಸೇರುತ್ತದೆ, ತ್ರಿಕೋನವಾಗುತ್ತದೆ, ಷಟ್ಕೋನವಾಗುತ್ತದೆ, ಕೊನೆಗೆ ನನ್ನ ಕಸಬರಿಗೆಗೆ ಬರುತ್ತದೆ. ಹೊಸ ಅಂಗಿ ಕೊಂಡರೆ ಅವರಿಗೆ ಅಂಗಿಗಿಂತ ಅದರೊಳಗಿನ ರಟ್ಟಿನ ಮೇಲೆ ಕಣ್ಣು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟರೆ ಚಾಕು ಹಿಡಿದು ಕೂರುತ್ತಾರೆ, ಬ್ರೆಡ್ಡು ಗಟ್ಟಿಯಾಗುತ್ತದೆ, ಒಗಟು ಮಾತ್ರ ಹದವಾಗಿ ಬೇಯುತ್ತದೆ.

ಅವರ ಕೆಲಸವೇ ಅದು. ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅವರದೊಂದು ಪುಟ. ವಾರಕ್ಕೊಂದು ಲೆಕ್ಕದ ಒಗಟು, ಅದೂ ಸ್ವಂತದ್ದು. ಬೇರೆಯವರ ಒಗಟಿಗೆ ಬಣ್ಣ ಹಚ್ಚಿ ಮಾರುವುದೆಂದರೆ ಅವರಿಗೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಷ್ಟು ನಾಚಿಕೆ. ಕಚೇರಿಯವರೆಲ್ಲ ಅವರನ್ನು ಒಗಟಣ್ಣ ಎನ್ನುತ್ತಾರೆ. ನಾನೂ ಅದೇ ಪುರವಣಿಯಲ್ಲಿ ಕರಡು ತಿದ್ದುವವಳು. ಹೀಗಾಗಿ ಒಗಟು ಮೊದಲು ನನ್ನ ಅಡುಗೆಮನೆಯ ಮೇಜಿಗೆ, ಆಮೇಲೆ ನನ್ನ ಕಚೇರಿಯ ಮೇಜಿಗೆ ಬರುತ್ತದೆ. ಎರಡು ಕಡೆಯೂ ಬಿಡಿಸುವ ಶಿಕ್ಷೆ ನನಗೇ.

ಪ್ರತಿ ಒಗಟಿನ ಕೆಳಗೂ ಅವರು ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ‘ಬಾಲ’. ಒಗಟು ಬಿಡಿಸಿ ಮೀಸೆ ತಿರುವುವವರ ಮೀಸೆ ಇಳಿಸಲಿಕ್ಕೆ ಈ ಬಾಲ. ಉದಾಹರಣೆಗೆ ಒಂದು ವಾರ ಹೀಗಿತ್ತು: ಒಂದು ಬ್ರೆಡ್ಡಿನ ಹೋಳನ್ನು ಚಾಕುವಿನಿಂದ ಮೂರೇ ಮೂರು ನೇರ ಗೆರೆ ಎಳೆದು ಏಳು ತುಂಡು ಮಾಡಿ. ಇದು ಸುಲಭ, ಮೂರೂ ಗೆರೆ ಒಂದನ್ನೊಂದು ಬೇರೆ ಬೇರೆ ಕಡೆ ದಾಟಿದರೆ ಆಯಿತು. ಕೆಳಗೆ ಬಾಲ: ಏಳು ಜನರಿಗೂ ಸ್ವಲ್ಪ ಸ್ವಲ್ಪ ಗರಿಗರಿ ಅಂಚು ಬೇಕಂತೆ, ಆಗುತ್ತದೆಯೇ? ಆಗುವುದಿಲ್ಲ. ಗೆರೆ ಹೇಗೇ ಎಳೆಯಿರಿ, ಮೂರು ಗೆರೆಗಳ ನಡುವೆ ಒಂದು ತ್ರಿಕೋನ ಸಿಕ್ಕಿಬಿದ್ದೇ ಬೀಳುತ್ತದೆ, ಅದಕ್ಕೆ ಅಂಚಿಲ್ಲ. ಇದನ್ನು ಕಂಡುಕೊಂಡ ದಿನ ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಇಂಥ ಮನುಷ್ಯನ ಜೊತೆ ಬಾಳುವುದಕ್ಕೆ ಒಂದು ಗುಟ್ಟಿದೆ. ಅವರಿಗೆ ಪ್ರಶ್ನೆ ಹಾಕುವಾಗ ಹುಷಾರಾಗಿರಬೇಕು. ಪ್ರಶ್ನೆಯಲ್ಲಿ ಏನಿದೆಯೋ ಅಷ್ಟಕ್ಕೇ ಅವರ ಉತ್ತರ. ಇಲ್ಲದ್ದನ್ನು ಊಹಿಸುವುದು ಅವರ ಧರ್ಮದಲ್ಲಿ ಮಹಾಪಾಪ. ಮನೆ ಬದಲಾಯಿಸುವಾಗ ನಮ್ಮ ದೊಡ್ಡ ಸೋಫಾ ಪಡಸಾಲೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. “ಇದನ್ನ ಹೇಗ್ರೀ ತಿರುಗಿಸೋದು?” ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಅವರು ಕಾಗದ ಪೆನ್ಸಿಲು ಹಿಡಿದು ಸೋಫಾದ ಮೇಲೆಯೇ ಕೂತರು. ಮಧ್ಯಾಹ್ನದ ಹೊತ್ತಿಗೆ, ಈ ಸೋಫಾ ಈ ತಿರುವಿನಲ್ಲಿ ಯಾವ ಕಾರಣಕ್ಕೂ ತಿರುಗದು ಎಂದು ಚೊಕ್ಕವಾಗಿ ಸಾಧಿಸಿ ತೋರಿಸಿದರು. ಸಾಮಾನು ಹೊರುವವನು ಬಂದು ಸೋಫಾದ ಕಾಲು ಬಿಚ್ಚಿ ಹೊತ್ತುಕೊಂಡು ಹೋದ. ನನ್ನವರು ಎರಡು ದಿನ ಮುಖ ಊದಿಸಿಕೊಂಡಿದ್ದರು. “ಕಾಲು ಬಿಚ್ಚಬಹುದು ಅಂತ ಪ್ರಶ್ನೇಲಿ ಎಲ್ಲಿತ್ತೇ?” ಎಂದು ನನ್ನನ್ನೇ ಕೇಳಿದರು.

ಈ ಪುಟಕ್ಕೆ ಕುತ್ತು ಬಂದದ್ದು ಹೊಸ ಮ್ಯಾನೇಜರ್ ಕಾಲಿಟ್ಟ ಮೇಲೆ. ಅವರು ಮೊದಲು ಬಿಸ್ಕತ್ತು ಕಂಪನಿಯಲ್ಲಿದ್ದವರು. ಬಿಸ್ಕತ್ತಿಗೂ ಪತ್ರಿಕೆಗೂ ವ್ಯತ್ಯಾಸವೇನೂ ಇಲ್ಲ, ಎರಡನ್ನೂ ಜನ ಬೆಳಗ್ಗೆ ಚಹಾದ ಜೊತೆ ಮುಗಿಸಿಬಿಡುತ್ತಾರೆ ಎಂಬುದು ಅವರ ತತ್ವ. ಬಂದ ವಾರವೇ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಬ್ರೆಡ್ಡಿನ ಒಗಟಿನ ಪುಟ ಹರಡಿತ್ತು.

“ನೋಡಿ, ಇದನ್ನ ನಾನು ನಿನ್ನೆ ಬಿಡಿಸೋಕೆ ಕೂತೆ. ತಲೆನೋವು ಬಂತು. ದುಡ್ಡು ಕೊಟ್ಟು ಪತ್ರಿಕೆ ತಗೊಂಡೋರಿಗೆ ತಲೆನೋವು ಯಾಕೆ ಕೊಡಬೇಕು ನಾವು?”

“ಮೂರು ಗೆರೆ ಎಳೆದರೆ ಮುಗೀತಲ್ಲ ಸರ್,” ಎಂದರು ನನ್ನವರು.

“ಅದಿರಲಿ, ಈ ಕೆಳಗಿಂದು ಏನು? ಬಾಲ? ಅಂಚು ಸಿಗದಿದ್ರೆ ಏನಾಯ್ತು? ನಮ್ಮನೇಲಿ ಅಂಚನ್ನ ಕತ್ತರಿಸಿ ಬಿಸಾಡ್ತೀವಿ. ಇಷ್ಟು ಸಣ್ಣ ಅಕ್ಷರದಲ್ಲಿ ಇದ್ದದ್ದನ್ನ ಯಾರು ಓದ್ತಾರೆ ಹೇಳಿ?”

 ಆ ಪ್ರಶ್ನೆ ನನ್ನವರನ್ನು ವರ್ಷಗಳಿಂದ ಒಳಗೊಳಗೇ ಕೊರೆಯುತ್ತಿತ್ತು. ಒಗಟಿಗೆ ಓದುಗರಿಂದ ಉತ್ತರ ಬರುತ್ತಿತ್ತು, ಬಾಲಕ್ಕೆ ಬರುತ್ತಿರಲಿಲ್ಲ. ಬಾಲವನ್ನು ಬಿಡಿಸುತ್ತಿದ್ದ ಜೀವ ಭೂಮಿಯ ಮೇಲೆ ನಾನೊಬ್ಬಳೇ. ನನಗಾದರೂ ಅದಕ್ಕೆ ಸಂಬಳ ಬರುತ್ತಿತ್ತು.

“ಹೊಸ ಕಚೇರಿಗೆ ಹೋದಮೇಲೆ ಆ ಪುಟ ಇರಲ್ಲ,” ಎಂದು ಮ್ಯಾನೇಜರ್ ಮಾತು ಮುಗಿಸಿದರು. ಆ ಜಾಗದಲ್ಲಿ ‘ನಗುನಗುತಾ ಎರಡು ನಿಮಿಷ’ ಎಂಬ ಅಂಕಣ ಬರುವುದೆಂದೂ ಹೇಳಿದರು. ಮನೆಗೆ ಬಂದ ಮೇಲೆ ನನ್ನವರು ಸೋಪಿನ ಡಬ್ಬಿಯನ್ನು ಮುಟ್ಟಲಿಲ್ಲ. ಅದು ಇದ್ದ ಹಾಗೇ ಕಪಾಟಿನ ಮೇಲೆ ಕೂತಿತ್ತು.  ಈ ಮನುಷ್ಯನಿಂದ ಆ ಪುಟ ಕಿತ್ತುಕೊಂಡರೆ ಉಳಿಯುವುದು ಕನ್ನಡಕ ಮತ್ತು ಅಂಗಿ ಅಷ್ಟೇ ಎಂದು ನನಗೆ ಗೊತ್ತಿತ್ತು.

ಹೊಸ ಕಚೇರಿ ಎಂದರೆ ಒಂದು ವಿಶಾಲವಾದ ಹಜಾರ. ಒಂದು ದೊಡ್ಡ ಚೌಕ, ಅದರಲ್ಲಿ ಒಂದು ಮೂಲೆಯ ಕಾಲುಭಾಗವನ್ನು ಯಾರೋ ಕಚ್ಚಿಕೊಂಡು ಹೋದ ಹಾಗೆ, ಬಡಗಿಯ ಮೂಲೆಮಟ್ಟದ ಆಕಾರ, ಇಂಗ್ಲಿಷಿನ ಎಲ್ ಅಕ್ಷರದಂತೆ. ಕಚ್ಚಿಕೊಂಡು ಹೋದವರು ಪಕ್ಕದ ಬ್ಯಾಂಕಿನವರು. ಆ ಕಾಲುಭಾಗ ಅವರ ತಿಜೋರಿಯ ಕೋಣೆ. ನಡುವಿನ ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯಲೂ ಅಪ್ಪಣೆ ಇಲ್ಲ. ಉಳಿದ ಹೊರಬದಿಗಳಲ್ಲೆಲ್ಲ ಓಡಾಡುವ ಪಡಸಾಲೆ. ಈ ಹಜಾರವನ್ನು ನಾಲ್ವರು ಹಂಚಿಕೊಳ್ಳಬೇಕಿತ್ತು: ಸುದ್ದಿ ವಿಭಾಗ, ಜಾಹೀರಾತು ವಿಭಾಗ, ನಮ್ಮ ಪುರವಣಿ, ಮತ್ತು ಮ್ಯಾನೇಜರ್ ಹಾಗೂ ಅವರ ಕಪಾಟುಗಳು.

ಹಂಚಿಕೆ ಎಂದ ಕೂಡಲೇ ಎಲ್ಲರ ನಿಜರೂಪ ಹೊರಬಿತ್ತು. ಲೋಕದ ಅನ್ಯಾಯದ ಬಗ್ಗೆ ದಿನಕ್ಕೊಂದು ಸಂಪಾದಕೀಯ ಬರೆಯುವ ಸುದ್ದಿ ಮುಖ್ಯಸ್ಥರು ಟೇಪು ಹಿಡಿದು ನೆಲದ ಮೇಲೆ ಅಂಬೆಗಾಲಿಕ್ಕಿದರು. ಜಾಹೀರಾತು ವಿಭಾಗದ ಮೇಡಂ ಆ ಟೇಪನ್ನು ನಂಬದೆ ತಮ್ಮದೇ ಟೇಪು ತಂದರು. ಮೊದಲು ಎಲ್ಲರೂ “ಸಮ ಜಾಗ ಕೊಡಿ, ಸಾಕು” ಎಂದರು. ಸಮ ಜಾಗದ ನಕ್ಷೆ ಬಂತು. ಒಬ್ಬರಿಗೆ ಚೌಕ, ಒಬ್ಬರಿಗೆ ಉದ್ದನೆಯ ಕೋಣೆ.

“ಅವರಿಗೆ ಚೌಕ, ನಮಗೆ ರೈಲು ಡಬ್ಬಿನಾ?” ಎಂದು ಮೇಡಂ ಎಗರಿಬಿದ್ದರು.

“ಜಾಗ ಒಂದೇ ಅಲ್ವೇನ್ರೀ?” ಎಂದರು ಸುದ್ದಿ ಮುಖ್ಯಸ್ಥರು.

“ಹಾಗಾದ್ರೆ ನೀವೇ ಇಟ್ಕೊಳ್ಳಿ ಆ ಡಬ್ಬಿ!”

ಅವರು ಇಟ್ಟುಕೊಳ್ಳಲಿಲ್ಲ. ಜಾಗವೂ ಸಮ ಇರಬೇಕು, ಆಕಾರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಇರಬೇಕು ಎಂಬಲ್ಲಿಗೆ ಬಂದು ನಿಂತಿತು. ಮ್ಯಾನೇಜರ್ ಮೂರು ಸಭೆ ಕರೆದರು, ಮೂರರಲ್ಲೂ ಬಿಸ್ಕತ್ತು ಮಾತ್ರ ಖಾಲಿಯಾಯಿತು. ಕೊನೆಗೆ ಯಾರೋ ತಮಾಷೆಗೆ, “ಒಗಟಣ್ಣನ್ನ ಕೇಳಿ” ಎಂದರು. ಮ್ಯಾನೇಜರ್ ತಮಾಷೆಯನ್ನು ಹಿಡಿದುಕೊಂಡರು.

“ಇದನ್ನ ಯಾರೂ ಬಾಯಿ ತೆಗೀದ ಹಾಗೆ ಹಂಚಿಕೊಡಿ. ನಿಮ್ಮ ಪುಟ ಉಳಿಯುತ್ತೆ. ಬಾಲ ಸಮೇತ. ಎಲ್ಲರ ಮುಂದೆ ಹೇಳ್ತಿದ್ದೀನಿ.”

ಆ ಸಂಜೆ ಮನೆಗೆ ಬಂದವರೇ ಕಪಾಟಿನ ಮೇಲಿದ್ದ ಡಬ್ಬಿಯನ್ನು ಎಳೆದುಕೊಂಡರು. ನಾನು ಕತ್ತರಿ ತಂದು ಕೊಟ್ಟೆ. ಮರುದಿನ ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ. ಅಡುಗೆಮನೆಯ ಮೇಜಿನಿಂದ “ಬಂತು ಕಣೇ!” ಎಂಬ ಕೂಗು ಕೇಳಿ ಹಾಲು ಉಕ್ಕಿಸಿಕೊಂಡೆ.

ನಿಜಕ್ಕೂ ಅದು ಚೆಲುವಾದ ಉತ್ತರ. ಹಜಾರವೆಂದರೆ ಮೂರು ದೊಡ್ಡ ಚೌಕಗಳು ಕೂಡಿದ ಮೂಲೆಮಟ್ಟ ತಾನೆ? ಒಂದೊಂದು ಚೌಕವನ್ನೂ ನಾಲ್ಕು ಮಾಡಿದರೆ ಹನ್ನೆರಡು ಪುಟ್ಟ ಚೌಕಗಳು. ಅವನ್ನು ಮೂರು ಮೂರರಂತೆ ಸೇರಿಸಿದರೆ ನಾಲ್ಕು ಪುಟ್ಟ ಮೂಲೆಮಟ್ಟಗಳು. ಒಂದು ಮೂಲೆಯಲ್ಲಿ ಕೂರುತ್ತದೆ, ಎರಡು ಆ ತುದಿಗೊಂದು ಈ ತುದಿಗೊಂದು, ನಾಲ್ಕನೆಯದು ನಡುವೆ ಮಗುವಿನ ಹಾಗೆ ಮಲಗುತ್ತದೆ. ದೊಡ್ಡ ಹಜಾರದ ಆಕಾರ ಯಾವುದೋ, ನಾಲ್ಕು ಕೋಣೆಗಳ ಆಕಾರವೂ ಅದೇ. ಲೋಕದಲ್ಲಿ ಇದನ್ನು ಯಾರು ಯಾವ ಕಾಲದಲ್ಲಿ ಕಂಡುಕೊಂಡಿದ್ದರೋ ನನಗೆ ಗೊತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದು ಆ ಬೆಳಗ್ಗೆ, ಉಕ್ಕಿದ ಹಾಲಿನ ವಾಸನೆಯ ನಡುವೆ ಹುಟ್ಟಿತು. ಅವರು ನಾಲ್ಕು ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಒಂದೇ ತುಂಡೇನೋ ಅನ್ನುವ ಹಾಗೆ ಕೂತವು. ಅವರ ಕಾಲು ನೆಲದ ಮೇಲಿರಲಿಲ್ಲ.

ನಾನು ಅಭ್ಯಾಸಬಲದಿಂದ ಕರಡು ನೋಡುವಂತೆ ಅದನ್ನು ನೋಡಿದೆ. ಬೆರಳಿಟ್ಟು ಪಡಸಾಲೆಯಿಂದ ಒಂದೊಂದೇ ಕೋಣೆಗೆ ಹೋದೆ. ಮೂರಕ್ಕೆ ಹೋಗಲು ಆಯಿತು. ನಾಲ್ಕನೆಯದಕ್ಕೆ ಆಗಲಿಲ್ಲ.

“ರೀ, ಈ ನಡುವಿನ ಕೋಣೆಗೆ ಬಾಗಿಲು ಎಲ್ಲಿ ಇಡೋದು? ಮೂರು ಕಡೆ ಬೇರೆಯವರ ಕೋಣೆ, ಉಳಿದದ್ದು ಬ್ಯಾಂಕಿನ ಗೋಡೆ.”

“ಇಡೋಕಾಗಲ್ಲ,” ಎಂದರು ಸಂತೋಷದಿಂದಲೇ.

“ಆಗಲ್ಲ ಅಂದ್ರೆ? ಒಳಗೆ ಹೋಗೋರು ಹಾರಿಕೊಂಡು ಹೋಗ್ಬೇಕಾ?”

“ಬಾಗಿಲು ಬೇಕು ಅಂತ ಯಾರು ಕೇಳಿದ್ರು? ಸಮ ಜಾಗ, ಒಂದೇ ಆಕಾರ. ಅಷ್ಟೇ ಪ್ರಶ್ನೆ.”

ನನಗೆ ಸೋಫಾ ನೆನಪಾಯಿತು. ಹಣೆ ಹಣೆ ಚಚ್ಚಿಕೊಂಡೆ. “ಪುಟ ಹೋಗುತ್ತೆ ಕಣ್ರೀ. ಈಗಲೇ ಹೋಗಿ ಅವರಿಗೆ ಬಾಯಿಬಿಟ್ಟು ಹೇಳಿ.”

“ಹೇಳದೇ ಇರ್ತೀನಾ? ಬಾಲದಲ್ಲಿ ಹಾಕ್ತೀನಿ,” ಎಂದು ಪೆನ್ಸಿಲು ಎತ್ತಿಕೊಂಡರು. ನಕ್ಷೆಯ ಕೆಳಗೆ ಅವರ ಪುಟ್ಟ, ಅಚ್ಚುಕಟ್ಟಾದ ಅಕ್ಷರ ಮೂಡಿತು: ಬಾಲ: ಈ ನಾಲ್ಕರಲ್ಲಿ ಒಂದು ಕೋಣೆಗೆ ಹೋಗಬೇಕಾದರೆ ಬೇರೆಯವರ ಕೋಣೆಯನ್ನು ದಾಟಲೇಬೇಕು. ಯಾವುದು? ಒಪ್ಪಿಗೆಯೇ?

“ಬಾಲ ಯಾರೂ ಓದಲ್ಲ ಅಂತ ಅವರೇ ಮುಖದ ಮೇಲೆ ಹೇಳಿದಾರಲ್ರೀ!”

“ಪತ್ರಿಕೇಲಿ ಓದಲ್ಲ. ಇದು ಅವರು ಕೂರೋ ಕೋಣೆ. ತಾವು ಕೂರೋ ಕೋಣೆಯ ನಕ್ಷೇನ ಪೂರ್ತಿ ಓದದೆ ಯಾರಾದ್ರೂ ಸಹಿ ಹಾಕ್ತಾರೇನೇ?”

ಹದಿನೈದು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿಯೂ ಮನುಷ್ಯರ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಸಭೆ ಅದ್ದೂರಿಯಾಗಿ ನಡೆಯಿತು. ನನ್ನವರು ರಟ್ಟಿನ ತುಂಡುಗಳನ್ನು ಹಂಚಿದರು. ಸುದ್ದಿ ಮುಖ್ಯಸ್ಥರು ತಮ್ಮದನ್ನು ಮೇಡಂ ತುಂಡಿನ ಮೇಲಿಟ್ಟು ಬೆಳಕಿಗೆ ಹಿಡಿದರು, ತಿರುಗಿಸಿದರು, ಮಗುಚಿದರು. ಎಳ್ಳುಕಾಳಷ್ಟೂ ಹೆಚ್ಚುಕಡಿಮೆ ಇಲ್ಲ. ಮೇಡಂ ತಮ್ಮ ಟೇಪು ತೆಗೆದು ಅಳೆದು, ಆಮೇಲೆ ಅವರ ಟೇಪಿನಲ್ಲೂ ಅಳೆದರು. ಜಗಳಕ್ಕೆ ಒಂದು ಎಳೆ ಕೂಡ ಸಿಗದೆ ಇಬ್ಬರ ಮುಖವೂ ಸಪ್ಪೆಯಾಯಿತು.

“ಭೇಷ್!” ಎಂದರು ಮ್ಯಾನೇಜರ್. “ಈಗ ಯಾರು ಎಲ್ಲಿ? ನಾನಂತೂ ನಡುವಿಂದು ತಗೊಳ್ತೀನಿ. ಕೇಂದ್ರದಲ್ಲಿ ಕೂತರೆ ಎಲ್ಲರ ಮೇಲೂ ಒಂದು ಕಣ್ಣಿರುತ್ತೆ.”

 ನನ್ನವರನ್ನು ನೋಡಿದೆ. ಅವರು ಮ್ಯಾನೇಜರನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಬಾಲ ಓದಿ, ತಿಳಿದೇ ಆರಿಸಿಕೊಂಡಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ಅವರು ನಂಬಿಬಿಟ್ಟಿದ್ದರು. ನಾನು ತಡೆಯಲಾರದೆ ಎದ್ದು ನಿಂತೆ.

“ಸರ್, ಸಹಿ ಹಾಕೋ ಮುಂಚೆ ಕೆಳಗಿನ ಬಾಲ ಒಂದ್ಸಲ ಓದಿ. ಆ ಕೋಣೆಗೆ...”

“ಮೇಡಂ,” ಎಂದು ಮ್ಯಾನೇಜರ್ ನಗುತ್ತ ಕೈ ಎತ್ತಿದರು, “ನೀವು ಕಾಗುಣಿತ ನೋಡ್ಕೊಳ್ಳಿ. ಕೋಣೆ ನಾವು ನೋಡ್ಕೊಳ್ತೀವಿ.”

ಎಲ್ಲರೂ ನಕ್ಕರು. ನಾನು ಕೂತೆ.  ಎರಡನೇ ಸಲ ಹೇಳುವ ಬುದ್ಧಿ ನನಗೆ ಬರಲಿಲ್ಲ; ಬರಲಿ ಎಂದು ನಾನೂ ಕಾಯಲಿಲ್ಲ. ಮ್ಯಾನೇಜರ್ ಸಹಿ ಹಾಕಿದರು. ಅವರ ಸಹಿ ಅವರ ಹಾಗೇ ಧಾರಾಳ, ಉದ್ದಕ್ಕೆ ಎಳೆದು ಕೆಳಗೆ ಸುತ್ತುವಂಥದ್ದು. ಅದು ಬಾಲದ ಮೇಲೆಯೇ ಹರಿದು ‘ಒಪ್ಪಿಗೆಯೇ’ ಎಂಬಲ್ಲಿ ಬಂದು ನಿಂತಿತು. ಉಳಿದವರು ಅದರ ಕೆಳಗೆ ಹಾಕಿದರು. ಯಾರಿಗೂ ಇನ್ನು ಮುಂದೆ ಯಾರೂ ಒಂದು ಬೆರಳಿನಷ್ಟು ನೆಲ ಕೊಡತಕ್ಕದ್ದಲ್ಲ, ತೆಗೆದುಕೊಳ್ಳತಕ್ಕದ್ದಲ್ಲ ಎಂದು ಮೇಡಂ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು.

ಆ ವಾರ ಮ್ಯಾನೇಜರ್ ನಾಯಕತ್ವದ ಶಿಬಿರಕ್ಕೆ ಹೋದರು. ತಾವು ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂದು ಅಪ್ಪಣೆಯಾಗಿತ್ತು. ಅವರ ದೊಡ್ಡ ಮೇಜು, ತಿರುಗುವ ಕುರ್ಚಿ, ಕಪಾಟುಗಳನ್ನು ಮೊದಲು ತಂದು ನಡುವೆ ಇಟ್ಟರು. ಆಮೇಲೆ ಬಡಗಿಗಳು ಬಂದು ನಕ್ಷೆಯ ಗೆರೆಗಳ ಮೇಲೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿದರು. ಗೋಡೆ ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು, ಅದರ ಮೇಲೆ ಚಾವಣಿಯವರೆಗೂ ಖಾಲಿ. ಪಡಸಾಲೆ ಸಿಕ್ಕ ಕಡೆಯೆಲ್ಲ ಬಾಗಿಲು ಕೂರಿಸಿದರು. ಕೊನೆಯ ಹಲಗೆಗೆ ಒಳಗಿನಿಂದ ಮೊಳೆ ಹೊಡೆದ ಬಡಗಿ, ಆಮೇಲೆ ತಾನು ಎಲ್ಲಿದ್ದೇನೆಂದು ತಿಳಿದು, ಏಣಿ ಹತ್ತಿ ಗೋಡೆ ಹಾರಿ ಹೊರಗೆ ಬಂದ.

“ಇದಕ್ಕೆ ಬಾಗಿಲು ಎಲ್ಲಿ ಸರ್?” ಎಂದು ನನ್ನವರನ್ನು ಕೇಳಿದ.

“ಅವರಿಗೆ ಗೊತ್ತಿದೆ, ಸಹಿ ಹಾಕಿದಾರೆ. ಬಂದು ಹೇಳ್ತಾರೆ,” ಎಂದರು ನನ್ನವರು. ಬಡಗಿ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ.

ಸೋಮವಾರ ಬೆಳಗ್ಗೆ ಮ್ಯಾನೇಜರ್ ಬಂದರು. ಶಿಬಿರದಲ್ಲಿ ಕೊಟ್ಟ ಹೊಸ ಚೀಲ ಹೆಗಲ ಮೇಲಿತ್ತು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದರು. ಮೊದಲ ಬಾಗಿಲು ತೆರೆದರು, ಸುದ್ದಿಯವರು. “ಕ್ಷಮಿಸಿ.” ಎರಡನೆಯದು, ಜಾಹೀರಾತು. ಮೂರನೆಯದು, ನಾವು. ಗುಡ್ ಮಾರ್ನಿಂಗ್ ಹೇಳಿ ಬಾಗಿಲು ಹಾಕಿಕೊಂಡು ಹೋದರು. ತುಸು ಹೊತ್ತಿನ ಮೇಲೆ ಮತ್ತೆ ಸುದ್ದಿಯವರ ಬಾಗಿಲ ಸದ್ದು, ಮತ್ತೆ ಜಾಹೀರಾತಿನದು, ಮತ್ತೆ ನಮ್ಮದು. ಈ ಸಲ ಗುಡ್ ಮಾರ್ನಿಂಗ್ ಇರಲಿಲ್ಲ.

“ನನ್ನ ಕೋಣೆ ಎಲ್ರೀ?”

ಅದೇ ಹೊತ್ತಿಗೆ ಪ್ಲೈವುಡ್ ಗೋಡೆಯ ಆಚೆ ಅವರ ಮೇಜಿನ ಮೇಲಿದ್ದ ಫೋನು ಟ್ರಿಣ್ ಟ್ರಿಣ್ ಎನ್ನತೊಡಗಿತು. ನನ್ನವರು ವಿನಯದಿಂದ ಗೋಡೆಯತ್ತ ಕೈ ತೋರಿಸಿದರು. “ಅಲ್ಲೇ ಇದೆ ಸರ್.”

ಹತ್ತು ನಿಮಿಷದಲ್ಲಿ ಕಚೇರಿಯೇ ನಮ್ಮ ಕೋಣೆಯಲ್ಲಿ ಸೇರಿತು. ಮ್ಯಾನೇಜರ್ ಮುಖ ಕೆಂಪಗಾಗಿತ್ತು. ಸುದ್ದಿ ಮುಖ್ಯಸ್ಥರನ್ನು ದಾರಿ ಕೇಳಿದರು. “ಕೊಡಬಹುದಿತ್ತು ಸರ್, ಆದರೆ ಒಂದು ಬೆರಳಿನಷ್ಟೂ ಕೊಡತಕ್ಕದ್ದಲ್ಲ ಅಂತ ಒಪ್ಪಂದ ಇದೆ,” ಎಂದರು ಅವರು ನ್ಯಾಯಾಧೀಶರ ಗತ್ತಿನಲ್ಲಿ. ಮೇಡಂ, ತಮ್ಮ ಕೋಣೆಯಲ್ಲಿ ದೊಡ್ಡ ದೊಡ್ಡ ಗಿರಾಕಿಗಳು ಕೂತಿರುತ್ತಾರೆ, ಅವರ ಮೊಣಕಾಲು ಎಡವಿಕೊಂಡು ಮ್ಯಾನೇಜರ್ ಓಡಾಡಿದರೆ ಚೆನ್ನಾಗಿರುವುದಿಲ್ಲ ಎಂದರು. ಮ್ಯಾನೇಜರ್ ನನ್ನವರ ಕಡೆ ತಿರುಗಿದರು.

“ಇದು ಮೋಸ! ನನ್ನನ್ನ ಎಲ್ಲರ ಮುಂದೆ ಬೆಪ್ಪು ಮಾಡಿದ್ರಿ. ನಿಮ್ಮ ಪುಟ ಇವತ್ತಿಗೆ ಮುಗೀತು!”

ನನ್ನವರ ಮುಖ ಬಿಳುಚಿತು. ಬೈದದ್ದಕ್ಕಲ್ಲ, ಮೋಸ ಎಂದದ್ದಕ್ಕೆ. ಒಗಟು ಕಟ್ಟುವವನಿಗೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಅವರು ನಕ್ಷೆಯನ್ನು ತಂದು ಮೇಜಿನ ಮೇಲೆ ಬಿಡಿಸಿದರು. 

“ಸರ್, ನಾನು ಏನೂ ಮುಚ್ಚಿಟ್ಟಿಲ್ಲ. ಬಾಲ ಓದಿ.”

ಮ್ಯಾನೇಜರ್ ಬಗ್ಗಿ ಓದಿದರು.  ಗೋಡೆಯಾಚೆ ಫೋನು ಮತ್ತೆ ಒಂದು ಸಲ ಬಡಿದು ಸುಮ್ಮನಾಯಿತು. ಅಲ್ಲಿದ್ದವರೆಲ್ಲರೂ ಒಬ್ಬರ ಬೆನ್ನ ಮೇಲಿಂದ ಒಬ್ಬರು ಬಗ್ಗಿ ಓದಿದರು. ಎಲ್ಲರ ಸಹಿಯೂ ಅದರ ಕೆಳಗಿತ್ತು. ಮ್ಯಾನೇಜರರ ಸಹಿ ಅದರ ಮೇಲೆಯೇ ಮಲಗಿತ್ತು. ನನ್ನವರ ಪುಟ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಉಗುರು ಕಚ್ಚುತ್ತ ನಿಂತಿದ್ದೆ. ಸಿಕ್ಕಿಬಿದ್ದ ದೊಡ್ಡವರು ಕ್ಷಮಿಸುವುದು ಕಡಿಮೆ.

ಆಗ ಸುದ್ದಿ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು.

“ನಾನು ಆವತ್ತೇ ಓದಿದ್ದೆ,” ಎಂದರು.

ಅದು ಶುದ್ಧ ಸುಳ್ಳು. ಸಹಿ ಹಾಕುವಾಗ ಅವರ ಕಣ್ಣು ಮೇಡಂ ಟೇಪಿನ ಮೇಲಿದ್ದದ್ದನ್ನು ನಾನೇ ನೋಡಿದ್ದೆ. ಆದರೆ ಓದದೆ ಸಹಿ ಹಾಕುವ ಸುದ್ದಿ ಮುಖ್ಯಸ್ಥ ಎಂದು ಹೆಸರು ತೆಗೆದುಕೊಳ್ಳಲು ಯಾರಿಗೆ ಇಷ್ಟ?

“ನಾನೂ ಓದಿದ್ದೆ. ಅದಕ್ಕೇ ತುದೀದು ಕೇಳಿದ್ದು,” ಎಂದರು ಮೇಡಂ ತಕ್ಷಣ.

ಹಿಂದೆ ನಿಂತವರಲ್ಲಿ ಒಬ್ಬಿಬ್ಬರು ತಾವೂ ಓದಿದ್ದಾಗಿ ಗೊಣಗಿದರು. ಅವರು ಸಭೆಗೇ ಬಂದಿರಲಿಲ್ಲ. ಎಲ್ಲರ ಕಣ್ಣೂ ಮ್ಯಾನೇಜರ್ ಮೇಲೆ ನೆಟ್ಟಿತು. ಇಡೀ ಕಚೇರಿಯಲ್ಲಿ ಓದದೇ ಸಹಿ ಹಾಕಿದ ಮನುಷ್ಯ ಅವರೊಬ್ಬರೇ ಆಗಿ ಉಳಿದಿದ್ದರು. ಅವರು ನಕ್ಷೆ ನೋಡಿದರು, ಪ್ಲೈವುಡ್ ಗೋಡೆ ನೋಡಿದರು, ಶಿಬಿರದ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

“ನಾನು ಮಾತ್ರ ಓದಿಲ್ಲ ಅಂದ್ಕೊಂಡ್ರಾ?” ಎಂದು ನಕ್ಕರು. ನಗು ಹಲ್ಲಿನವರೆಗೆ ಬಂತು, ಕಣ್ಣಿನವರೆಗೆ ಹೋಗಲಿಲ್ಲ. “ಬೇಕೂಂತಲೇ ತಗೊಂಡೆ. ದಿನಾ ನಿಮ್ಮ ನಡುವೆ ಹಾದು ಹೋಗ್ಬೇಕು ಅಂತ. ಶಿಬಿರದಲ್ಲೂ ಅದನ್ನೇ ಹೇಳಿಕೊಟ್ರು. ನಾಯಕ ಆದವನಿಗೆ ಬೇರೆ ಬಾಗಿಲು ಇರಬಾರದು. ಸುಮ್ನೆ ನಿಮ್ಮನ್ನೆಲ್ಲ ಪರೀಕ್ಷೆ ಮಾಡಿದೆ.”

ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಮೇಡಂ. ನಾನು ಹಲ್ಲು ಕಚ್ಚಿ ನಗು ತಡೆದುಕೊಂಡೆ.

“ಹಾಗಾದ್ರೆ ಪುಟ, ಸರ್?” ಎಂದರು ನನ್ನವರು ಮೆಲ್ಲಗೆ.

“ಬಾಲ ಓದೋ ಮ್ಯಾನೇಜರ್ ಪುಟ ನಿಲ್ಲಿಸ್ತಾರೇನ್ರೀ!” ಎಂದರು ಸುದ್ದಿ ಮುಖ್ಯಸ್ಥರು, ಮ್ಯಾನೇಜರನ್ನು ಇನ್ನೊಂದಿಷ್ಟು ಗೋಡೆಗೆ ಒತ್ತುವ ಖುಷಿಯಲ್ಲಿ.

“ಛೆ ಛೆ, ನಿಲ್ಲಿಸೋದೆಲ್ಲಿ ಬಂತು,” ಎಂದರು ಮ್ಯಾನೇಜರ್. ಮಧ್ಯಾಹ್ನದ ಹೊತ್ತಿಗೆ ಬಡಗಿ ಬಂದು ನಮ್ಮ ಕೋಣೆಗೂ ಅವರ ಕೋಣೆಗೂ ನಡುವಿನ ಗೋಡೆಯಲ್ಲಿ ಬಾಗಿಲು ಕೊರೆದ. ಬಾಗಿಲು ಇರುವುದು ಗೋಡೆಯಲ್ಲಿ, ನೆಲದಲ್ಲಲ್ಲ, ಆದ್ದರಿಂದ ನಾಲ್ಕೂ ಕೋಣೆ ಈಗಲೂ ಸಮವೇ ಎಂದು ನನ್ನವರು ಎಲ್ಲರಿಗೂ ಸಮಾಧಾನ ಹೇಳಿದರು. ಯಾರೂ ಕೇಳಿರಲಿಲ್ಲ.

ಮನೆಗೆ ಬರುವಾಗ ಅವರು ದಾರಿಯುದ್ದಕ್ಕೂ ತಲೆ ತಗ್ಗಿಸಿ ನಡೆದರು. ಇನ್ನೂ ‘ಮೋಸ’ ಎಂಬ ಮಾತು ಚುಚ್ಚುತ್ತಿದೆಯೇನೋ ಎಂದುಕೊಂಡೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಕಣ್ಣಲ್ಲಿ ನೀರಿತ್ತು.

“ಎಲ್ಲರೂ ಓದ್ತಾರೆ ಕಣೇ,” ಎಂದರು. “ಇಷ್ಟು ವರ್ಷ ನಾನು ನೀನೊಬ್ಬಳೇ ಅಂದ್ಕೊಂಡಿದ್ದೆ. ಮ್ಯಾನೇಜರ್ ಅವತ್ತು ಬೈದದ್ದೂ ಪರೀಕ್ಷೆ ಮಾಡೋಕೆ ಇರ್ಬೇಕು. ಎಲ್ಲರೂ ಬಾಲದವರೆಗೂ ಓದ್ತಾರೆ. ಹೇಳ್ಕೊಳ್ಳಲ್ಲ ಅಷ್ಟೇ.”

 ಜಗತ್ತಿನ ಅಷ್ಟೂ ಆಕಾರಗಳ ಒಳಹೊರಗು ಬಲ್ಲ ಮನುಷ್ಯ ಇವರು. ಮನುಷ್ಯರ ಆಕಾರ ಮಾತ್ರ ಇವರಿಗೆ ತಿಳಿಯದು. ನನಗೆ ಅವರ ಮೇಲೆ ಆ ಕ್ಷಣ ಬಂದಷ್ಟು ಪ್ರೀತಿ ಮದುವೆಯ ಹೊಸದರಲ್ಲೂ ಬಂದಿರಲಿಲ್ಲ. “ಹೂಂ, ಓದ್ತಾರೆ,” ಎಂದೆ. ಒಳಗೆ ಹೋಗಿ ಹೊಸ ಸೋಪು ಬಿಚ್ಚಿ ಡಬ್ಬಿ ತಂದು ಕೊಟ್ಟೆ.

ಆದರೆ ನಂಬಿದ ಮನುಷ್ಯ ಸುಮ್ಮನಿರುತ್ತಾನೆಯೇ? ಮರುವಾರದಿಂದ ಅವರು ಕಚೇರಿಯಲ್ಲಿ ಯಾರು ಸಿಕ್ಕರೂ ಬಾಲದ ಉತ್ತರ ಕೇಳತೊಡಗಿದರು. ಕುಹಕವಿಲ್ಲ, ಕೊಂಕಿಲ್ಲ, ತಮ್ಮವರೆಂಬ ಸಲಿಗೆ. ಸುದ್ದಿ ಮುಖ್ಯಸ್ಥರು ಅವರನ್ನು ಕಂಡರೆ ಮೆಟ್ಟಿಲಿನ ಕಡೆ ತಿರುಗುತ್ತಿದ್ದರು. ಮೇಡಂ ಫೋನಿನಲ್ಲಿದ್ದಂತೆ ನಟಿಸುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿಯಿಲ್ಲದವರು ಮ್ಯಾನೇಜರ್ ಒಬ್ಬರೇ. ಅವರ ಕೋಣೆಗೆ ಇದ್ದ ಒಂದೇ ದಾರಿ ನಮ್ಮ ಬಾಗಿಲು, ನನ್ನ ಮೇಜು, ನನ್ನವರ ಕುರ್ಚಿ, ಇವುಗಳ ನಡುವೆ ಹಾದು ಹೋಗುತ್ತಿತ್ತು.

ಆ ಭಾನುವಾರದ ಒಗಟು ಹೀಗಿತ್ತು: ಒಂದು ಚೌಕದ ಮೇಲಿನ ಅಂಚಿನಲ್ಲಿ ಎಲ್ಲಾದರೂ ಒಂದು ಚುಕ್ಕೆ ಇಡಿ, ಅಲ್ಲಿಂದ ಕೆಳಗಿನ ಎರಡು ಮೂಲೆಗಳಿಗೂ ಗೆರೆ ಎಳೆದು ಚೌಕವನ್ನು ಮೂರು ತ್ರಿಕೋನ ಮಾಡಿ, ಪಕ್ಕದ ಎರಡನ್ನೂ ಸೇರಿಸಿದರೆ ನಡುವಿನದಕ್ಕೆ ಸಮವೆಂದು ತೋರಿಸಿ. ಬಾಲ: ಚುಕ್ಕೆಯನ್ನು ಎಲ್ಲಿಟ್ಟರೆ ನಡುವಿನ ತ್ರಿಕೋನ ಎಲ್ಲಕ್ಕಿಂತ ದೊಡ್ಡದಾಗುತ್ತದೆ?

ಸೋಮವಾರ ಬೆಳಗ್ಗೆ ಮ್ಯಾನೇಜರ್ ಬಾಗಿಲು ತೆರೆದರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅಂಗಿಯ ಜೇಬಿನಿಂದ ರಟ್ಟಿನ ತ್ರಿಕೋನದ ಮೂತಿ ಇಣುಕುತ್ತಿತ್ತು. ಬಣ್ಣ ನೋಡಿದರೆ ಬಿಸ್ಕತ್ತಿನ ಡಬ್ಬಿಯದು.

“ಬನ್ನಿ ಸರ್, ಬನ್ನಿ,” ಎಂದು ನನ್ನವರು ಎದ್ದು ನಿಂತರು. “ಬಾಲ ಏನಾಯ್ತು?”

“ನಡುವೆ,” ಎಂದರು ಮ್ಯಾನೇಜರ್ ಗಟ್ಟಿಯಾಗಿ. “ಚುಕ್ಕೆ ಸರಿಯಾಗಿ ನಡುವೆ ಇಟ್ರೆ ದೊಡ್ಡದಾಗುತ್ತೆ. ಕೇಂದ್ರದಲ್ಲಿ.”

ನನ್ನವರು ಮೃದುವಾಗಿ ತಲೆಯಾಡಿಸಿದರು. “ಅಲ್ಲ ಸರ್. ನಾಳೆ ಮತ್ತೆ ಬನ್ನಿ.”

ಎಲ್ಲಿಟ್ಟರೂ ಅದು ಅಷ್ಟೇ, ಚೌಕದ ಅರ್ಧ; ಒಗಟಿನಲ್ಲೇ ಬಾಲದ ಉತ್ತರವಿದೆ. ಮ್ಯಾನೇಜರ್ ತಮ್ಮ ಬಾಗಿಲಿನವರೆಗೂ ಹೋದರು, ಹಿಡಿಯ ಮೇಲೆ ಕೈಯಿಟ್ಟರು, ನನ್ನವರು ರಟ್ಟಿನ ಕಡೆ ಬಗ್ಗಿದ್ದನ್ನು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಬಂದು ನನ್ನ ಮೇಜಿನ ಮೇಲೆ ಬಾಗಿದರು.

“ಮೇಡಂ,” ಎಂದು ಪಿಸುಗುಟ್ಟಿದರು, “ನಿಮಗೆ ಗೊತ್ತಿರುತ್ತಲ್ಲ. ಒಂದು ಸುಳಿವು ಕೊಡಿ, ನಿಮ್ಮ ದಮ್ಮಯ್ಯ.”

ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಕರಡನ್ನು ಮುಂದಕ್ಕೆ ಎಳೆದುಕೊಂಡೆ.

“ನಾನು ಕಾಗುಣಿತ ಮಾತ್ರ ನೋಡೋದು, ಸರ್.”